ಉಳಿದ ವಾಲ್‌ಪೇಪರ್ ಮರಕ್ಕೆ ಅಂಟಿಸಬಹುದಾ? ಸಹಾಯ ಬೇಕು

ನಮಸ್ಕಾರ. ನಮ್ಮದು ಕಾರವಾರದ ಕೋಡಿಬಾಗ ಕಡೆ, ಅಜ್ಜನ ಕಾಲದ ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮನೆ. ಹೋದ ವರ್ಷ ಹಾಲಿನ ಒಂದು ಗೋಡೆಗೆ ವಿನೈಲ್ ವಾಲ್‌ಪೇಪರ್ ಹಾಕಿಸಿದ್ದೆ. ದೀಪಾವಳಿಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಜುಲೈ ಬಂತು ನೋಡಿ, ಜೋಡಣೆ ಹತ್ತಿರ ಉಬ್ಬಿತು. ಉಗುರಲ್ಲಿ ಎತ್ತಿದರೆ ಇಡೀ ಪಟ್ಟಿಯೇ ಕೈಗೆ ಬಂತು! ಹಿಂದೆಲ್ಲ ಕಪ್ಪು ಬೂಸ್ಟು, ಒದ್ದೆ ಗೋಣಿಚೀಲದ ವಾಸನೆ. ಚಿರೇಕಲ್ಲು ನೀರು ಕುಡಿಯುತ್ತದೆ, ವಿನೈಲ್ ಆ ತೇವವನ್ನು ಹೊರಗೆ ಬಿಡುವುದಿಲ್ಲ. ಹಾಕಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ ಅನ್ನಿ.

ಗೋಡೆಗೆ ಸುಣ್ಣ ಬಳಿದಾಯಿತು. ಈಗ ಒಂದೂವರೆ ರೋಲ್ ಉಳಿದಿದೆ. 53 ಸೆಂ.ಮೀ. ಅಗಲ, 10 ಮೀಟರ್ ಉದ್ದ, ಅಂದರೆ ರೋಲಿಗೆ ಸುಮಾರು 57 ಚದರ ಅಡಿ. ಬಾಳೆಲೆ ಡಿಸೈನು, ಎಸೆಯೋಕೆ ಮನಸ್ಸಿಲ್ಲ. ಗಾಜಿನ ಕಪಾಟಿನ ಒಳಬೆನ್ನಿಗೂ, ಮೆತ್ತಿಗೆ (ಮಹಡಿಗೆ) ಹತ್ತುವ ಮರದ ಮೆಟ್ಟಿಲುಗಳ ಎದುರುಮುಖಕ್ಕೂ ಅಂಟಿಸೋಣ ಅಂತಿದ್ದೇನೆ. ಮಗಳ ಮೇಜಿನ ಡ್ರಾಯರ್ ತಳಕ್ಕೆ ಒಂದು ತುಂಡು ಹಾಕಿ ನೋಡಿದೆ, ಎರಡು ತಿಂಗಳಾದರೂ ಅಲುಗಿಲ್ಲ.

ಮರದ ಹಳೇ ಪಾಲಿಶ್ ಉಜ್ಜಿ ತೆಗೆಯಲೇಬೇಕಾ? ಸಿರ್ಸಿಯ ಅತ್ತೆ ಮೈದಾ ಅಂಟು ಕುದಿಸಿ ಚೂರು ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕು, ಹುಳ ಬರಲ್ಲ ಅಂತಾರೆ. ತೋಟದ ಮನೆಯವರಿಗೆ ಎಲ್ಲದಕ್ಕೂ ಮೈಲುತುತ್ತವೇ ಮದ್ದು! ಆದರೆ ಅದು ವಿಷ, ಕಪಾಟಲ್ಲಿ ಇಡೋದು ಊಟದ ತಟ್ಟೆ. ಫೆವಿಕಾಲ್ ಸಾಕಾಗುತ್ತಾ? ಕುಮಟಾ, ಅಂಕೋಲಾ ಕಡೆ ಯಾರಾದರೂ ಮರಕ್ಕೆ ಹಾಕಿ ಒಂದು ಮಳೆಗಾಲ ದಾಟಿಸಿದ್ದರೆ ದಯವಿಟ್ಟು ಫೋಟೋ ಹಾಕಿ. ಚೌತಿಯೊಳಗೆ ಮುಗಿಸಬೇಕು.