ಓಣಿಯಲ್ಲಿ ನಮ್ಮ ಬೋರ್ ಒಂದರಲ್ಲೇ ನೀರಿದೆ, ಎಲ್ಲರಿಗೂ ಹೇಗೆ ಕೊಡೋದು?

ಕೊನೆಮನೆ, ಇಂಡಿ

ನಮಸ್ಕಾರ. ನಮ್ಮ ಓಣಿಯಲ್ಲಿ 14 ಮನೆ, ಐದು ಬೋರ್. ಈ ಸಲ ಹೋಳಿ ಹುಣ್ಣಿಮೆ ಮುಗಿಯೋದರೊಳಗೆ ನಾಲ್ಕು ನಿಂತವು. ನಮ್ಮದೊಂದರಲ್ಲಿ ಇನ್ನೂ ನೀರು ಬರುತ್ತಿದೆ. 2023ರ ಬರದಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದ್ದವು. ಆ ವರ್ಷ ಲಿಂಬೆ ಗಿಡ ಉಳಿಸೋಕೆ ಟ್ಯಾಂಕರ್ ನೀರು ಹಾಕಿದವರು ನಮ್ಮಲ್ಲೇ ಇದ್ದಾರೆ, ಆಗಲೂ ಓಣಿಯ ಬೋರ್‌ಗಳು ಹೇಗೋ ದಾಟಿಸಿದ್ದವು. ಈಗ ಆಗುತ್ತಿಲ್ಲ. ನಳದ ನೀರು ಎಂಟು ಹತ್ತು ದಿನಕ್ಕೊಮ್ಮೆ, ಅದೂ ನಡುರಾತ್ರಿ.

ಕೊಡಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ, ಕೊಡುತ್ತಲೇ ಇದ್ದೇವೆ. ಆದರೆ ನಳ ಗೇಟಿನ ಒಳಗಿದೆ. ಬೇಕಾದವರು ಬಂದು ಕೂಗುತ್ತಾರೆ, ಅವ್ವ ಎದ್ದು ಮೋಟರ್ ಚಾಲೂ ಮಾಡುತ್ತಾಳೆ. ಬೆಳಿಗ್ಗೆ ಆರಕ್ಕೆ ಒಬ್ಬರು, ಮಧ್ಯಾಹ್ನ ಮಲಗಿದಾಗ ಇನ್ನೊಬ್ಬರು. ಅವ್ವನಿಗೆ ಮೊಣಕಾಲು ನೋವು. ತಮ್ಮ ದಿನಾ ಹೇಳುತ್ತಾನೆ, ಹೀಗೇ ಎತ್ತಿದರೆ ನಮ್ಮದೂ ಬತ್ತುತ್ತೆ ಅಂತ. ಅವನ ಹೆದರಿಕೆ ಸುಳ್ಳಲ್ಲ.

ಮೊನ್ನೆ ಎದುರು ಮನೆಯ ಹೆಣ್ಣುಮಗಳು ಎರಡು ಕೊಡ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಕೂಗಲಿಲ್ಲ. ನಾನು ಕಿಟಕಿಯಿಂದ ನೋಡಿ ಹೊರಗೆ ಬರೋವಷ್ಟರಲ್ಲಿ ಖಾಲಿ ಕೊಡದ ಜೊತೆ ತಿರುಗಿ ಹೋಗಿದ್ದಳು. ಸಂಜೆ ಅವ್ವ ಕೇಳಿದ್ದಕ್ಕೆ, "ನಿನ್ನೆನೂ ಒಯ್ದೀನಿ, ದಿನಾ ಹೆಂಗ ಕೇಳ್ಲಿ" ಅಂದಳಂತೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೀಗೆ ಹಂಚಿಕೊಂಡು ರೂಢಿ ಇದ್ದವರು ದಾರಿ ಹೇಳಿ.

ಕರಿಮಣ್ಣು, ವಿಜಯಪುರ

ನಾನು ಮೋಟರ್ ರಿಪೇರಿ ಮಾಡುವವನು. ಮೊದಲು ಬೋರ್ ಎಷ್ಟು ಕೊಡುತ್ತೆ ಅಂತ ಅಳೆಯಿರಿ. ಇಂಚಿನ ಲೆಕ್ಕ ಬಿಡಿ. 15 ಲೀಟರ್ ಕೊಡ ಹಿಡಿದು ಮೊಬೈಲ್‌ನಲ್ಲಿ ಟೈಮ್ ನೋಡಿ. ಅರ್ಧ ನಿಮಿಷಕ್ಕೆ ತುಂಬಿತು ಅಂದರೆ ನಿಮಿಷಕ್ಕೆ 30 ಲೀಟರ್. 40 ನಿಮಿಷಕ್ಕೆ 1200 ಲೀಟರ್, ಅಂದರೆ 80 ಕೊಡ. ಮನೆಗೆ ಐದರಂತೆ 14 ಮನೆಗೆ 70 ಹೋಗಿ ಹತ್ತು ಮಿಗುತ್ತೆ.

ಆಮೇಲೆ ಎಷ್ಟು ಹೊತ್ತಿಗೆ ನೀರು ಬಿಟ್ಟು ಬಿಟ್ಟು ಬರುತ್ತೆ, ಗಾಳಿ ಉಗುಳುತ್ತೆ ನೋಡಿಕೊಳ್ಳಿ. ಒಂದು ತಾಸಿಗೆ ಹಾಗಾದರೆ ನೀವು 40 ನಿಮಿಷಕ್ಕೇ ಬಂದ್ ಮಾಡಿ. ಮೂರ್ನಾಲ್ಕು ತಾಸು ಬಿಡಿ, ನೀರು ಮತ್ತೆ ಕೂಡುತ್ತೆ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರೋದೇ ಸುತ್ತಲಿನ ನೀರಿನಿಂದ, ನೀರಿಲ್ಲದೆ ಓಡಿದರೆ ವೈಂಡಿಂಗ್ ಸುಡುತ್ತೆ. ಸ್ಟಾರ್ಟರ್‌ಗೆ ಡ್ರೈ ರನ್ ಪ್ರಿವೆಂಟರ್ ಹಾಕಿಸಿ, ನೀರು ನಿಂತರೆ ಅದು ಮೋಟರ್ ತಾನೇ ಬಂದ್ ಮಾಡುತ್ತೆ. ಹತ್ತು ಜನ ಹತ್ತು ಹೊತ್ತಿಗೆ ಬಂದು ಆನ್ ಆಫ್ ಮಾಡಿಸೋದಕ್ಕಿಂತ ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿದರೆ ಮೋಟರಿಗೂ ಒಳ್ಳೇದು.

ತಮ್ಮನಿಗೂ ಒಂದು ಮಾತು ಹೇಳಿ. ನಮ್ಮ ಕಡೆ ಕೆಳಗಿರೋದು ಕರಿಕಲ್ಲು. ನೀರು ಅದರ ಬಿರುಕುಗಳಲ್ಲಿ ಎಲ್ಲಿಂದಲೋ ಹರಿದು ಬರುತ್ತೆ. ನಿಮ್ಮ ಸೈಟಿನ ಅಳತೆಗೆ ಯಾರೂ ಕೆಳಗೆ ಟಾಕಿ ಕಟ್ಟಿಟ್ಟಿಲ್ಲ. ನೀವು ಎತ್ತದೇ ಬಿಟ್ಟರೂ ಆಚೆ ಓಣಿಯಲ್ಲಿ ಯಾರೋ ಇನ್ನೂ ಆಳಕ್ಕೆ ಹೊಡೆಸಿದರೆ ಹೋಗಬಹುದು. ಉಳಿಸೋ ಆಸೆ ಇದ್ದರೆ ಮಳೆಗಾಲಕ್ಕೆ ಮುಂಚೆ ಬೋರ್ ಪಕ್ಕ ಗುಂಡಿ ತೆಗೆದು, ದಪ್ಪ ಕಲ್ಲು, ಸಣ್ಣ ಕಲ್ಲು, ಮೇಲೆ ಉಸುಕು ತುಂಬಿ ಮಾಳಿಗೆ ನೀರು ಬಿಡಿ. 1000 ಚದರಡಿ ಮಾಳಿಗೆ ಮೇಲೆ ಬರೀ 10 ಮಿಲಿಮೀಟರ್ ಮಳೆಯಾದರೂ 900 ಲೀಟರ್‌ಗಿಂತ ಜಾಸ್ತಿ ಬೀಳುತ್ತೆ.

ಹೊಳೆದಂಡೆ, ಮುಧೋಳ ತಾಲೂಕು

ನೀವು ಕಿಟಕಿಯಿಂದ ನೋಡಿದ್ದೀರಿ, ನಾನು ಗೇಟಿನ ಆ ಕಡೆ ನಿಂತವಳು.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಊರೊಳಗೆ ಬಂದಾಗ ನಾವು ಹನ್ನೊಂದು ದಿನ ಶಾಲೆಯಲ್ಲಿದ್ದೆವು. ಒಂದು ಗುಂಪಿನವರು ಬ್ಲಾಂಕೆಟ್ ಕೊಡೋಕೆ ಬಂದು ನಮ್ಮನ್ನು ಸಾಲಾಗಿ ನಿಲ್ಲಿಸಿದರು, ಕೈ ಚಾಚಿಸಿ ಫೋಟೊ ತೆಗೆದರು. ನಮ್ಮತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ನಾಲ್ಕು ಎಮ್ಮೆ, ಎರಡು ಎಕರೆ ಕಬ್ಬು ಇದ್ದ ಮನೆ ನಮ್ಮದು, ಮನೆಗೆ ಬಂದವರನ್ನು ಉಣ್ಣದೆ ಕಳಿಸಿದವರಲ್ಲ ಅವರು. ಆ ಬ್ಲಾಂಕೆಟ್ ಹೊದ್ದುಕೊಳ್ಳಲೇ ಇಲ್ಲ.

ಅದೇ ಸಂಜೆ ವಿಜಯಪುರ ಕಡೆಯಿಂದ ಒಂದು ಟಂಟಂ ಬಂತು. ಕಟಕ ರೊಟ್ಟಿ, ಶೇಂಗಾ ಹಿಂಡಿ. ಹಳೇ ಧೋತರ ಹರಿದು ಇಪ್ಪತ್ತೈದು ರೊಟ್ಟಿಗೊಂದು ಗಂಟು ಕಟ್ಟಿದ್ದರು. ಅಕ್ಕಿ ಚೀಲ ಅಷ್ಟೊತ್ತಿಗೆ ಬೇಕಾದಷ್ಟು ಬಂದಿತ್ತು, ಆದರೆ ಕಟ್ಟಿಗೆ ಎಲ್ಲಾ ತೊಯ್ದು ಒಲೆ ಹೊತ್ತುತ್ತಿರಲಿಲ್ಲ. ಒಣ ರೊಟ್ಟಿಗೆ ಒಲೆ ಬೇಡ, ತಿಂಗಳು ಇಟ್ಟರೂ ಕೆಡೋದಿಲ್ಲ, ಅದು ಗೊತ್ತಿದ್ದವರೇ ಕಳಿಸಿದ್ದು. ಗಂಟುಗಳನ್ನು ಶಾಲೆ ಕಟ್ಟೆ ಮೇಲೆ ಸಾಲಾಗಿ ಇಟ್ಟು, ತಿರುಗಿ ನೋಡದೆ ಹೋದರು. ನಮಗೆ ಸಿಕ್ಕ ಗಂಟಿನಲ್ಲಿ ರೊಟ್ಟಿ ಜೊತೆ ಒಂದು ಸೂಜಿ, ದಾರದ ಉಂಡೆ ಇತ್ತು. ಯಾವ ಊರಿನ ಯಾವ ಹೆಣ್ಣುಮಗಳು ಇಟ್ಟಳೋ ಗೊತ್ತಿಲ್ಲ. ಆ ಧೋತರದ ತುಂಡು ಇವತ್ತಿಗೂ ನಮ್ಮ ರೊಟ್ಟಿ ಬುಟ್ಟಿಯಲ್ಲಿದೆ.

ನಳವನ್ನು ಗೋಡೆಯಿಂದ ಹೊರಗೆ ತೆಗೆಯಿರಿ ಅಣ್ಣಾ. ಹೊತ್ತು ಬರೆದು ಹಚ್ಚಿ. ನಿಮ್ಮ ಮುಖ ನೋಡದೆ ನೀರು ಒಯ್ಯೋ ಹಾಗಿರಲಿ.

ಗುಡ್ಡದಮನೆ, ಬೆಳಗಾವಿ

ದುಡ್ಡಿನ ಮಾತೂ ಈಗಲೇ ಆಡಿಬಿಡಿ. ನಾನು ಆಡಲಿಲ್ಲ, ಕೆಟ್ಟೆ. ಎರಡು ತಿಂಗಳು ಅಕ್ಕಪಕ್ಕದ ಆರು ಮನೆಗೆ ನೀರು ಕೊಟ್ಟೆ, ಮೋಟರ್ ಸುಟ್ಟಿತು, ರಿಪೇರಿಗೆ 14,000 ರೂಪಾಯಿ. ಯಾರೂ ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ, ಒಳಗೊಳಗೇ ಕುದ್ದೆ, ಕೊನೆಗೆ ಒಂದು ದಿನ ಗೇಟಿಗೆ ಬೀಗ ಹಾಕಿದೆ. ಈಗಲೂ ಆ ಮನೆಗಳವರ ಜೊತೆ ಸರಿಯಾಗಿ ಮಾತಿಲ್ಲ. ತಪ್ಪು ನನ್ನದೂ ಇದೆ. ಮೊದಲೇ ಹೇಳಿದ್ದರೆ ಕೊಡುತ್ತಿದ್ದರೋ ಏನೋ.

2 ಎಚ್‌ಪಿ ಮೋಟರ್ 40 ನಿಮಿಷಕ್ಕೆ ಸುಮಾರು ಒಂದು ಯೂನಿಟ್ ತಿನ್ನುತ್ತೆ. ದಿನಕ್ಕೆ ಎರಡು ಸಲ ಅಂದರೆ ತಿಂಗಳಿಗೆ 60. ಮನೆ ಮೀಟರಿಗೇ ಜೋಡಿಸಿದ್ದರೆ ನೋಡಿಕೊಳ್ಳಿ, ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತೆ. ಓಣಿಯವರು ಸೇರಿ ಅದನ್ನು ಹಂಚಿಕೊಳ್ಳಲಿ. ಆದರೆ ಕೊಡಲಾಗದ ಮನೆಗೆ ನೀರು ನಿಲ್ಲಿಸಬೇಡಿ.

ಹಳೇಹಗೇವು, ಸಿಂದಗಿ

ನನಗೆ 67 ವರ್ಷ. 72ರ ಬರ ಚೆನ್ನಾಗಿ ನೆನಪಿದೆ. ನಮ್ಮಜ್ಜ ಆಗ ಹಗೇವು ತೆಗೆಸಿದರು. ಹೊಸಬರಿಗೆ ಗೊತ್ತಿಲ್ಲದಿದ್ದರೆ, ಹಗೇವು ಅಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಬಾಯಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಕಂದೀಲು ಇಳಿಸಿ ನೋಡಬೇಕು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಅಂತ, ಯಾರೂ ಇಳಿಯಬಾರದು. ಅಜ್ಜ ಮೂರು ಸಲ ಕಂದೀಲು ಇಳಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಜ್ಜ ಜೋಳವನ್ನು ಧರ್ಮಕ್ಕೆ ಅಂತ ಕೊಡಲಿಲ್ಲ, ಕಡ ಅಂತ ಕೊಟ್ಟರು. ಸೇರಿನಲ್ಲಿ ಅಳೆದೇ ಹಾಕಿದರು. ನನಗೆ ಆಗ ಸಿಟ್ಟು ಬಂದಿತ್ತು, ಹಸಿದವರಿಗೆ ಅಳೆಯೋದಾ ಅಂತ. ಅಜ್ಜಿ ಹೇಳಿದಳು, ಧರ್ಮ ಅಂದಿದ್ದರೆ ಅರ್ಧ ಮಂದಿ ಬರ್ತಿರಲಿಲ್ಲ, ಮನೆಯಲ್ಲೇ ಉಪವಾಸ ಬೀಳ್ತಿದ್ದರು. ಮಳೆ ಬಂದ ಮೇಲೆ ಕೆಲವರು ಜೋಳ ತಂದು ಸುರಿದರು, ಕೆಲವರು ಕಳೆ ತೆಗೆಯೋಕೆ, ರಾಶಿಗೆ ಬಂದರು. ಬಾರದವರನ್ನು ಅಜ್ಜ ಕೇಳಲಿಲ್ಲ.

ತಮ್ಮಾ, ನೀವು ಆ ಎದುರು ಮನೆಯ ಹೆಣ್ಣುಮಗಳಿಗೇ ಪಾಳಿ ನೋಡಿಕೊಳ್ಳೋಕೆ ಹೇಳಿ. ಮೋಟರ್ ಹಾಕೋದು, ತೆಗೆಯೋದು ಆಕೆಯ ಕೈಗೆ ಕೊಡಿ. ನಿಮ್ಮವ್ವನ ಮೊಣಕಾಲಿಗೂ ಆರಾಮ.

ಕೊನೆಮನೆ, ಇಂಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆಯಿತು, ಆಗಿದ್ದು ಹೇಳುತ್ತೇನೆ. ಕೊಡ 28 ಸೆಕೆಂಡಿಗೆ ತುಂಬುತ್ತೆ. ನಳ ಗೋಡೆ ಹೊರಗೆ ಬಂದಿದೆ, ಕಾಲಡಿ ಕೆಸರಾಗದಂತೆ ಒಂದು ಪರಸಿ ಕಲ್ಲು ಹಾಸಿದ್ದೇವೆ. ಬೆಳಿಗ್ಗೆ ಆರೂವರೆಗೆ, ಸಂಜೆ ಐದಕ್ಕೆ. ಕರೆಂಟಿನ ಲೆಕ್ಕ ತಮ್ಮನೇ ಬರೆಯುತ್ತಾನೆ. 12 ಮನೆಯವರು ಕೊಟ್ಟಿದ್ದಾರೆ, ಯಾರು ಕೊಟ್ಟಿಲ್ಲ ಅಂತ ಹೊರಗೆ ಹೇಳಬಾರದು ಅಂತ ಅವ್ವ ಅವನಿಂದ ಮಾತು ತಗೊಂಡಿದ್ದಾಳೆ.

ಸ್ವಿಚ್ ಗೇಟಿನ ಪಕ್ಕಕ್ಕೆ ಬಂದಿದೆ, ಎದುರು ಮನೆಯ ತಂಗಿ ನೋಡಿಕೊಳ್ಳುತ್ತಾಳೆ. ಸರಿಯಾಗಿ 40 ನಿಮಿಷಕ್ಕೆ ಬಂದ್. ನಿನ್ನೆ ನಾನು ತಡವಾಗಿ ಬಕೆಟ್ ತಂದರೆ, "ಅಣ್ಣಾರ, ಟೈಮ್ ಮುಗೀತು, ಸಂಜಿಗೆ ಬರ್ರಿ" ಅಂದಳು. ಬಕೆಟ್ ಅಲ್ಲೇ ಪಾಳಿಯಲ್ಲಿ ಇಟ್ಟು ಬಂದೆ.