ಬೇಟೆಗಾರರೇ ಹಿಮಕರಡಿ ಸಂರಕ್ಷಣೆಯಲ್ಲಿ ಪಾಲುದಾರರಾಗಿರುವುದು ಎಷ್ಟು ಸರಿ?

ಪ್ರಶ್ನೆ:
ಅಮೆರಿಕ ಸರ್ಕಾರವು 2008ರಲ್ಲಿ ಹಿಮಕರಡಿಯನ್ನು ಅಪಾಯಕ್ಕೆ ಸಿಲುಕಿದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಆದರೂ ಅಲಾಸ್ಕಾದ ಮೂಲನಿವಾಸಿಗಳು ಅದನ್ನು ಬೇಟೆಯಾಡಬಹುದು. ಅಷ್ಟೇ ಅಲ್ಲ, ವರ್ಷಕ್ಕೆ ಎಷ್ಟು ಕರಡಿಗಳನ್ನು ಕೊಲ್ಲಬಹುದು ಎಂದು ತೀರ್ಮಾನಿಸುವ ಆಯೋಗದಲ್ಲಿ ಸರ್ಕಾರದ ಪ್ರತಿನಿಧಿಯ ಪಕ್ಕದಲ್ಲೇ ಅವರ ಪ್ರತಿನಿಧಿಯೂ ಕುಳಿತಿರುತ್ತಾರೆ ಎಂದು ಓದಿದೆ. ಇದು ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುವುದಿಲ್ಲವೇ? ಬೇಟೆಯನ್ನು ಪೂರ್ತಿಯಾಗಿ ನಿಷೇಧಿಸಿ, ಸಂರಕ್ಷಣೆಯನ್ನು ವಿಜ್ಞಾನಿಗಳಿಗೆ ಒಪ್ಪಿಸುವುದಕ್ಕೆ ಏನು ಅಡ್ಡಿ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ತಮ್ಮ ಅನುಮಾನ ಸಹಜವೇ. ಆದರೆ ಅಲಾಸ್ಕಾ ಮತ್ತು ಕೆನಡಾದ ಉತ್ತರ ಕರಾವಳಿಗೆ ತಾಗಿರುವ ಬ್ಯೂಫೋರ್ಟ್ ಸಮುದ್ರದ ದಕ್ಷಿಣ ಭಾಗದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಸಣ್ಣ ವಿಮಾನಗಳಲ್ಲಿ ಬಂದು ತೊಗಲಿಗಾಗಿ, ಮೋಜಿಗಾಗಿ ಕರಡಿ ಹೊಡೆಯುವ ಹೊರಗಿನವರ ಹಾವಳಿಗೆ ಅಲಾಸ್ಕಾದಲ್ಲಿ 1972ರಲ್ಲಿ ತೆರೆಬಿತ್ತು. ಅದೇ ವರ್ಷ ಬಂದ ಸಾಗರ ಸಸ್ತನಿಗಳ ರಕ್ಷಣಾ ಕಾಯ್ದೆಯು ಕರಾವಳಿಯ ಮೂಲನಿವಾಸಿಗಳಿಗೆ ಮಾತ್ರ, ಊಟಕ್ಕೂ ಕರಕುಶಲ ವಸ್ತುಗಳಿಗೂ ಬೇಕಾದಷ್ಟು ಬೇಟೆಗೆ ಅವಕಾಶ ಉಳಿಸಿತು. ಆದರೆ ಆ ಕಾಯ್ದೆ ಸಂಖ್ಯೆಗೆ ಮಿತಿ ಹಾಕಲಿಲ್ಲ. ಮರಿಗಳ ಜೊತೆಗಿರುವ ತಾಯಿಯನ್ನು ಕೊಂದರೂ ಅದು ಅಪರಾಧವಾಗಿರಲಿಲ್ಲ. ಗಡಿಯಾಚೆಯ ಕೆನಡಾದಲ್ಲಿ ಅದೇ ಕರಡಿಗಳಿಗೆ ಕೋಟಾ ಇತ್ತು, ಈಚೆಗೆ ಇರಲಿಲ್ಲ.

ಈ ಕೊರತೆಯನ್ನು ತುಂಬಿದವರು ಬೇಟೆಗಾರರೇ. ಕೆನಡಾದ ಮೂಲನಿವಾಸಿಗಳಾದ ಇನುವಿಯಾಲುಯಿಟ್ ಜನರ ಬೇಟೆ ಮಂಡಳಿಯೂ ಅಲಾಸ್ಕಾದ ಉತ್ತರ ತುದಿಯ ನಾರ್ತ್ ಸ್ಲೋಪ್ ಎಂಬ ಆಡಳಿತ ಪ್ರದೇಶದ ಮೂಲನಿವಾಸಿಗಳಾದ ಇನುಪಿಯಾಟ್ ಜನರೂ 1988ರಲ್ಲಿ ತಾವೇ ಕುಳಿತು ಒಪ್ಪಂದ ಮಾಡಿಕೊಂಡರು. ಗುಹೆಯಲ್ಲಿರುವ ಕರಡಿಯನ್ನಾಗಲಿ, ಮರಿಗಳನ್ನಾಗಲಿ, ಮರಿಗಳ ಜೊತೆಗಿರುವ ತಾಯಿಯನ್ನಾಗಲಿ ಮುಟ್ಟಬಾರದು. ಒಟ್ಟು ಬೇಟೆಯಲ್ಲಿ ಹೆಣ್ಣುಗಳ ಪಾಲು ಮೂರನೆಯ ಒಂದನ್ನು ಮೀರಬಾರದು. ಎರಡೂ ಕಡೆಯವರು ಕೋಟಾವನ್ನು ಹಂಚಿಕೊಳ್ಳಬೇಕು. ಅಮೆರಿಕದ ಕಡೆ ಈ ಒಪ್ಪಂದಕ್ಕೆ ಕಾನೂನಿನ ಬಲವಿಲ್ಲ, ಮುರಿದವರಿಗೆ ದಂಡವಿಲ್ಲ. ಆದರೂ ಕರಡಿಗಳ ಸಂಖ್ಯೆ ಕುಸಿಯುತ್ತಿದೆ ಎಂದು ವಿಜ್ಞಾನಿಗಳು ತೋರಿಸಿಕೊಟ್ಟಾಗ, 2010ರಲ್ಲಿ, ಕೋಟಾವನ್ನು 80ರಿಂದ 70ಕ್ಕೆ ಇಳಿಸಿದ್ದು ಈ ಎರಡು ಸಮುದಾಯಗಳೇ.

ಉತ್ತರ 2:
ತಾವು ಓದಿರುವುದು ಬಹುಶಃ ಅಲಾಸ್ಕಾ ಮತ್ತು ಅದರ ಎದುರಿಗಿರುವ ರಷ್ಯಾದ ಚುಕೋಟ್ಕಾ ಪ್ರದೇಶದ ನಡುವಣ ಕರಡಿಗಳ ಬಗ್ಗೆ. ಅಮೆರಿಕ ಮತ್ತು ರಷ್ಯಾ 2000ದಲ್ಲಿ ಸಹಿ ಹಾಕಿ, 2007ರಲ್ಲಿ ಜಾರಿಗೆ ಬಂದ ಒಪ್ಪಂದದ ಪ್ರಕಾರ ಆಯೋಗದಲ್ಲಿ ನಾಲ್ವರಿರುತ್ತಾರೆ: ಪ್ರತಿ ದೇಶದಿಂದ ಸರ್ಕಾರದವರೊಬ್ಬರು, ಮೂಲನಿವಾಸಿಗಳ ಪರವಾಗಿ ಒಬ್ಬರು. 2010ರಲ್ಲಿ ಈ ಆಯೋಗ ವರ್ಷಕ್ಕೆ 58 ಕರಡಿಗಳ ಮಿತಿ ಹಾಕಿತು; ಅದರಲ್ಲಿ ಹೆಣ್ಣುಗಳು 19ನ್ನು ಮೀರುವಂತಿರಲಿಲ್ಲ.

ನಿಷೇಧವೇ ಸಾಕಲ್ಲವೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಸೋವಿಯತ್ ಒಕ್ಕೂಟವು 1956ರಲ್ಲೇ ಹಿಮಕರಡಿ ಬೇಟೆಯನ್ನು ಸಂಪೂರ್ಣವಾಗಿ ನಿಷೇಧಿಸಿತ್ತು. ಆದರೆ ಒಕ್ಕೂಟ ಕುಸಿದ ಮೇಲೆ ಚುಕೋಟ್ಕಾದಲ್ಲಿ ಕಳ್ಳಬೇಟೆ ಹೆಚ್ಚಿತು, ಎಷ್ಟು ಕರಡಿಗಳು ಸತ್ತವೆಂಬ ನಂಬಲರ್ಹ ಲೆಕ್ಕ ಯಾರ ಬಳಿಯೂ ಉಳಿಯಲಿಲ್ಲ. ಕಾಗದದ ಮೇಲೆ ಸೊನ್ನೆ, ಮಂಜಿನ ಮೇಲೆ ಬೇರೆಯೇ ಲೆಕ್ಕ. ಕೆನಡಾದ ನುನಾವುಟ್‌ನಲ್ಲಿ ಬೇಟೆಗಾರನು ತಾನು ಹೊಡೆದ ಕರಡಿಯ ಕೆಳದವಡೆಯನ್ನೂ ಅದು ಗಂಡೋ ಹೆಣ್ಣೋ ಎಂಬುದರ ಪುರಾವೆಯನ್ನೂ ತಂದೊಪ್ಪಿಸುತ್ತಾನೆ. ದವಡೆಯಿಂದ ಒಂದು ಪುಟ್ಟ ಹಲ್ಲನ್ನು ಕಿತ್ತು, ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟರೆ ವರ್ಷಕ್ಕೊಂದರಂತೆ ಬೆಳೆದ ಗೆರೆಗಳು ಕಾಣುತ್ತವೆ. ಅವನ್ನು ಎಣಿಸಿದರೆ ಕರಡಿಯ ವಯಸ್ಸು ಸಿಗುತ್ತದೆ. ಬೇಟೆಗಾರ ಹೆದರಿ ಮುಚ್ಚಿಟ್ಟರೆ ಈ ಹಲ್ಲು ಯಾವ ಪ್ರಯೋಗಾಲಯಕ್ಕೂ ಬರುವುದಿಲ್ಲ.

ಉತ್ತರ 3:
ಮೇಲಿನ ಇಬ್ಬರೂ ಚಿತ್ರವನ್ನು ತುಸು ಸುಂದರವಾಗಿಯೇ ಬಿಡಿಸಿದ್ದಾರೆ ಎಂದು ನನಗನ್ನಿಸುತ್ತದೆ. ನುನಾವುಟ್‌ನ ವನ್ಯಜೀವಿ ಮಂಡಳಿಯಲ್ಲೂ ಅಲ್ಲಿಯ ಮೂಲನಿವಾಸಿಗಳಾದ ಇನ್ಯೂಟ್ ಜನರ ಸಂಘಟನೆಗಳಿಗೆ ಸರ್ಕಾರಗಳಷ್ಟೇ ಸ್ಥಾನಗಳಿವೆ, ಆದರೆ ಜಗಳ ತಪ್ಪಿಲ್ಲ. ಕೆನಡಾದ ಹಡ್ಸನ್ ಕೊಲ್ಲಿಯ ಪಶ್ಚಿಮ ಭಾಗದಲ್ಲಿ 1987ರಲ್ಲಿ ಸುಮಾರು 1,200 ಇದ್ದ ಕರಡಿಗಳು 2004ರ ಹೊತ್ತಿಗೆ 935ಕ್ಕೆ ಇಳಿದಿವೆ ಎಂದು ವಿಜ್ಞಾನಿಗಳು ಅಂದಾಜಿಸಿದರು. ಊರಿನ ಸುತ್ತ ಮೊದಲಿಗಿಂತ ಹೆಚ್ಚು ಕರಡಿಗಳು ಕಾಣುತ್ತಿವೆ ಎಂಬುದು ಇನ್ಯೂಟ್ ಹಿರಿಯರ ವಾದ. 2005ರಲ್ಲಿ ಕೋಟಾವನ್ನು 56ಕ್ಕೆ ಏರಿಸಲಾಯಿತು; ಕೆಲವೇ ವರ್ಷಗಳಲ್ಲಿ ಅದನ್ನು 8ಕ್ಕೆ ತಗ್ಗಿಸಬೇಕಾಯಿತು. ಮಂಜುಗಡ್ಡೆ ಬೇಗ ಒಡೆಯುವುದರಿಂದ ಹಸಿದ ಕರಡಿಗಳು ಹೆಚ್ಚು ದಿನ ದಡದಲ್ಲಿ ಅಲೆಯುತ್ತವೆ, ಹಾಗಾಗಿ ಕಣ್ಣಿಗೆ ಹೆಚ್ಚು ಬೀಳುತ್ತವೆ ಎಂದು ವಿಜ್ಞಾನಿಗಳು ವಿವರಿಸಿದರು. ಇನ್ಯೂಟ್ ಜನರು ಕಂಡದ್ದು ಸುಳ್ಳಲ್ಲ. ಅದನ್ನು ಸಂಖ್ಯೆ ಏರಿದ್ದಕ್ಕೆ ಸಾಕ್ಷಿಯೆಂದು ಓದಿದ್ದೇ ತಪ್ಪಾಯಿತು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ವಿಜ್ಞಾನಿಗಳೇ ಸದಾ ಸರಿ ಎನ್ನಲಾಗದು. ಕೆನಡಾ ಮತ್ತು ಗ್ರೀನ್‌ಲ್ಯಾಂಡ್ ನಡುವಣ ಬ್ಯಾಫಿನ್ ಕೊಲ್ಲಿಯಲ್ಲಿ ಸುಮಾರು 1,550 ಕರಡಿಗಳಿವೆ ಎಂಬ ಲೆಕ್ಕಾಚಾರವನ್ನು ಬೇಟೆಗಾರರು ಒಪ್ಪಿರಲಿಲ್ಲ. 2011ರಿಂದ 2013ರವರೆಗೆ ನಡೆದ ಹೊಸ ಸಮೀಕ್ಷೆಯ ಅಂದಾಜು 2,826. ವಿಧಾನಗಳು ಬೇರೆಯಾದ್ದರಿಂದ ಎರಡನ್ನೂ ನೇರವಾಗಿ ಹೋಲಿಸಬಾರದು ಎಂದು ಸಮೀಕ್ಷೆ ನಡೆಸಿದವರೇ ಎಚ್ಚರಿಸಿದ್ದಾರೆ. ಆದರೂ ಹಳೆಯ ಅಂಕಿಯನ್ನು ಅನುಮಾನಿಸಿದವರು ಸುಮ್ಮನೆ ಹಟ ಹಿಡಿದಿರಲಿಲ್ಲ ಎಂಬುದಂತೂ ಸ್ಪಷ್ಟವಾಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ 2008ರ ಘೋಷಣೆಗೆ ಕಾರಣ ಬೇಟೆಯಲ್ಲವೇ?

ಉತ್ತರ 1:
ಅಲ್ಲ. ಸಮುದ್ರದ ಮಂಜುಗಡ್ಡೆ ಕರಗುತ್ತಿರುವುದೇ ಅದರ ಆಧಾರ. ಆದರೆ ಏಟು ಬಿದ್ದದ್ದು ಬೇರೆಡೆಗೆ. ಕೆನಡಾದಲ್ಲಿ ಹೊರಗಿನ ಬೇಟೆಗಾರರಿಗೆ ಕೊಡುವ ಟ್ಯಾಗ್‌ಗಳು, ಅಂದರೆ ಒಂದೊಂದು ಕರಡಿಯ ಬೇಟೆಗೆ ಕೊಡುವ ಪರವಾನಗಿಗಳು, ಊರಿನ ಕೋಟಾದೊಳಗಿನಿಂದಲೇ ಹೋಗುತ್ತವೆ, ನಾಯಿಬಂಡಿಯಲ್ಲಿ ಕರೆದೊಯ್ಯುವ ಇನ್ಯೂಟ್ ಮಾರ್ಗದರ್ಶಿಗೆ ಅದರಿಂದ ಒಳ್ಳೆಯ ಸಂಪಾದನೆಯಿತ್ತು. ಘೋಷಣೆಯ ನಂತರ ಆ ತೊಗಲನ್ನು ಅಮೆರಿಕಕ್ಕೆ ಒಯ್ಯುವಂತಿಲ್ಲವಾದ್ದರಿಂದ ಅಮೆರಿಕದ ಗಿರಾಕಿಗಳು ಬರುವುದು ನಿಂತಿತು. ಕೋಟಾ ಮಾತ್ರ ಇದ್ದಷ್ಟೇ ಇತ್ತು. ಆ ಟ್ಯಾಗ್‌ಗಳನ್ನು ಊರಿನವರು ತಾವೇ ಬಳಸಬಹುದಾಗಿತ್ತು. ಮೋಜಿನ ಬೇಟೆಯ ಬಗ್ಗೆ ನನಗೂ ಒಲವಿಲ್ಲ. ಆದರೆ ಗಡಿಯಾಚೆ ಯಾರೋ ಕೈಗೊಂಡ ಈ ತೀರ್ಮಾನದಿಂದ ಕರಡಿಗಳಿಗೆ ಏನು ಲಾಭವಾಯಿತು ಎಂದು ಅಲ್ಲಿಯವರು ಕೇಳಿದರೆ, ಕೊಡಲು ಒಳ್ಳೆಯ ಉತ್ತರ ನನ್ನಲ್ಲಿಲ್ಲ.