ಅತ್ಯಾಚಾರ ಕೇಸಿನ ಪಾಟೀಸವಾಲು (ಸಾಕ್ಷಿಗೆ ಎದುರು ವಕೀಲರು ಹಾಕುವ ಪ್ರಶ್ನೆಗಳು): ಏನು ಕೇಳುವಂತಿಲ್ಲ, ಹೆಸರು ಎಲ್ಲೆಲ್ಲಿ ಸೋರುತ್ತದೆ

ಪ್ರಶ್ನೆ (ಅನಾಮಧೇಯ ಸದಸ್ಯೆ): ನಮಸ್ಕಾರ. ನನ್ನ ತಂಗಿಯ ಕೇಸು ಸೆಷನ್ಸ್ ಕೋರ್ಟಿನಲ್ಲಿದೆ. ಮುಂದಿನ ತಿಂಗಳು ಅವಳ ಸಾಕ್ಷ್ಯ. ಆರೋಪಿ ಪರಿಚಯದವನೇ, ಮೊದಲು ಇಬ್ಬರ ನಡುವೆ ಮೆಸೇಜುಗಳು ಓಡಾಡಿದ್ದವು. "ಕೋರ್ಟಲ್ಲಿ ಅವಳ ಹಳೇ ಕಥೆ ಎಲ್ಲಾ ಬಿಚ್ಚಿಸ್ತೀವಿ, ಊರಿಗೆಲ್ಲ ಗೊತ್ತಾಗತ್ತೆ, ಈಗಲೇ ರಾಜಿ ಆಗಿ" ಅಂತ ಅವರ ಕಡೆಯವರು ಹೇಳಿ ಕಳಿಸ್ತಿದ್ದಾರೆ. ನಿಜವಾಗಿ ಏನೇನು ಕೇಳಬಹುದು? ನಾವು ಈಗ ಏನು ಮಾಡಬೇಕು?

ಉತ್ತರ (ವಕೀಲೆ, ಕ್ರಿಮಿನಲ್ ಟ್ರಯಲ್): ಮೊದಲು ಆ ಬೆದರಿಕೆಯ ವಿಷಯ ಮುಗಿಸೋಣ, ಯಾಕೆಂದರೆ ಅದಕ್ಕೆ ತಿಂಗಳು ಕಾಯುವ ಹಾಗಿಲ್ಲ. ಸಾಕ್ಷಿಯನ್ನು ಬೆದರಿಸಿ ಸುಳ್ಳು ಹೇಳಿಸಲು ನೋಡುವುದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಹಳೆಯ ಐಪಿಸಿಯ ಜಾಗಕ್ಕೆ ಬಂದದ್ದು) 232ನೇ ಕಲಂ ಪ್ರಕಾರ ಪ್ರತ್ಯೇಕ ಅಪರಾಧ, 7 ವರ್ಷದವರೆಗೆ ಶಿಕ್ಷೆಯಿದೆ. ಯಾರು, ಯಾವ ದಿನ, ಯಾರ ಮೂಲಕ, ಯಾವ ಮಾತು ಹೇಳಿ ಕಳಿಸಿದರು ಎಂದು ಬರೆದು ಠಾಣೆಗೆ ಕೊಡಿ, ಹಿಂಬರಹ (ದೂರು ಸ್ವೀಕರಿಸಿದ್ದಕ್ಕೆ ಬರಹ) ತೆಗೆದುಕೊಳ್ಳಿ. ಅದರ ಪ್ರತಿಯನ್ನು ಪಿಪಿಯವರಿಗೂ (ಸರ್ಕಾರಿ ಅಭಿಯೋಜಕರು, ಅಂದರೆ ಸರ್ಕಾರದ ಪರ ಕೇಸು ನಡೆಸುವ ವಕೀಲರು) ಕೊಡಿ. ಆರೋಪಿಗೆ ಜಾಮೀನು ಸಿಕ್ಕಿದ್ದರೆ ಅದನ್ನು ರದ್ದು ಮಾಡಿ ಎಂದು ಕೇಳಲು ಇದೇ ಆಧಾರ. ಜೊತೆಗೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ಸಮಿತಿಗೆ ಅರ್ಜಿ ಹಾಕಬಹುದು. ಪೊಲೀಸರು 5 ಕೆಲಸದ ದಿನಗಳೊಳಗೆ ಬೆದರಿಕೆ ಎಷ್ಟು ಗಂಭೀರ ಎಂಬ ವರದಿ ಕೊಡಬೇಕು.

ಇನ್ನು "ಹಳೇ ಕಥೆ". ಸಾಕ್ಷ್ಯ ಅಧಿನಿಯಮ (ಬಿಎಸ್‌ಎ) 48 ಮತ್ತು 149ನೇ ಕಲಂಗಳನ್ನು ನೆನಪಿಡಿ. ಹಳೆಯ ಎವಿಡೆನ್ಸ್ ಆಕ್ಟಿನಲ್ಲಿ ಇವು 53ಎ ಮತ್ತು 146. ಸಮ್ಮತಿ ಇತ್ತೇ ಇಲ್ಲವೇ ಎಂಬುದು ವಿವಾದದಲ್ಲಿರುವಾಗ, ಆಕೆಯ ನಡತೆಯ ಬಗ್ಗೆಯಾಗಲಿ, ಆಕೆಗೆ ಮೊದಲು ಯಾರ ಜೊತೆಗಾದರೂ ಇದ್ದ ಲೈಂಗಿಕ ಅನುಭವದ ಬಗ್ಗೆಯಾಗಲಿ ಸಾಕ್ಷ್ಯ ತರುವಂತಿಲ್ಲ, ಪ್ರಶ್ನೆ ಹಾಕುವಂತಿಲ್ಲ. "ಯಾರ ಜೊತೆಗಾದರೂ" ಎಂದರೆ ಆರೋಪಿಯೂ ಸೇರಿದ. ನಡತೆಗೆಟ್ಟವಳು ಎಂದು ತೋರಿಸಿ ಸಾಕ್ಷಿಯ ಮಾತನ್ನು ಅಲ್ಲಗಳೆಯಲು ಹಿಂದೆ ಒಂದು ಉಪಕಲಂ ಇತ್ತು, 155(4). 2002ರ ಕೊನೆಯಲ್ಲಿ ಅದನ್ನೂ ತೆಗೆದುಹಾಕಿದರು.

ಆದರೆ ಇದು ತಾನಾಗಿಯೇ ಕೆಲಸ ಮಾಡುವ ಕಾನೂನಲ್ಲ. ಪ್ರಶ್ನೆ ಬಂದ ಕ್ಷಣ ಯಾರಾದರೂ ಎದ್ದು ಆಕ್ಷೇಪಿಸಬೇಕು. ಪಿಪಿಯವರ ಕೈಯಲ್ಲಿ ಅಂದು ಹತ್ತಾರು ಕೇಸು ಇರುತ್ತವೆ, ಕೆಲವೊಮ್ಮೆ ಅವರು ಫೈಲಿನಿಂದ ತಲೆ ಎತ್ತುವಷ್ಟರಲ್ಲಿ ಪ್ರಶ್ನೆಗೆ ಉತ್ತರ ಬಂದುಬಿಟ್ಟಿರುತ್ತದೆ. ಅದಕ್ಕೇ ನಿಮ್ಮದೇ ವಕೀಲರು ಪಕ್ಕದಲ್ಲಿರಲಿ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 18(8) ಪ್ರಕಾರ ಪಿಪಿಗೆ ಸಹಾಯ ಮಾಡಲು ಸಂತ್ರಸ್ತೆ ವಕೀಲರನ್ನು ನೇಮಿಸಿಕೊಳ್ಳಲು ಕೋರ್ಟು ಅನುಮತಿ ಕೊಡಬಹುದು. ದುಡ್ಡಿಲ್ಲವೆಂದು ಹಿಂಜರಿಯಬೇಡಿ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಪ್ರಶ್ನೆ (ಅದೇ ಸದಸ್ಯೆ): ಹಾಗಾದ್ರೆ ಮೆಸೇಜುಗಳ ಬಗ್ಗೆ ಕೇಳೋ ಹಾಗೇ ಇಲ್ವಾ ಮೇಡಂ?

ಉತ್ತರ (ವಕೀಲೆ): ಹಾಗಲ್ಲಮ್ಮ, ಇಲ್ಲಿ ಗೆರೆ ಸಣ್ಣದು. "ಆ ದಿನ ರಾತ್ರಿ ಅವನಿಗೆ ಬರಲು ಹೇಳಿ ಮೆಸೇಜ್ ಮಾಡಿದ್ದಿರಾ?" ಎಂದು ಕೇಳಬಹುದು, ಅದು ಘಟನೆಗೆ ಸಂಬಂಧಿಸಿದ್ದು. "ಘಟನೆಯ ಮಾರನೆಯ ದಿನ ಅವನ ಜೊತೆ ಮಾತಾಡಿದ್ದಿರಾ?" ಎಂದೂ ಕೇಳಬಹುದು. "ಇದಕ್ಕೆ ಮೊದಲು ನಿಮ್ಮಿಬ್ಬರ ನಡುವೆ ದೈಹಿಕ ಸಂಬಂಧವಿತ್ತು, ಹಾಗಾಗಿ ಆ ದಿನವೂ ಒಪ್ಪಿದ್ದಿರಿ" ಎಂಬುದು ಮಾತ್ರ ನೇರವಾಗಿ ನಿಷೇಧದೊಳಗೆ ಬರುತ್ತದೆ.

ಎದುರು ವಕೀಲರಿಗೆ ಇದು ಗೊತ್ತಿಲ್ಲದೆ ಇಲ್ಲ. ಆದ್ದರಿಂದ ಅವರು ದಾರಿ ಬದಲಿಸುತ್ತಾರೆ: "ಸ್ವಾಮಿ, ನಾನು ಸಮ್ಮತಿ ಸಾಬೀತು ಮಾಡಲು ಕೇಳ್ತಿಲ್ಲ, ಸುಳ್ಳು ಕೇಸು ಹಾಕಲು ಕಾರಣವೇನು ಅಂತ ತೋರಿಸಲು ಕೇಳ್ತಿದ್ದೇನೆ." ಕಲಮಿನ ಮಾತು ಸಮ್ಮತಿಯ ಸುತ್ತ ಇರುವುದರಿಂದ ಈ ವಾದಕ್ಕೆ ಸ್ವಲ್ಪ ಜಾಗ ಸಿಕ್ಕಿಬಿಡುತ್ತದೆ. ಆಗ ಬಿಎಸ್‌ಎ 154 ಮತ್ತು 155 ಹಿಡಿಯಬೇಕು. ಅಸಭ್ಯವಾದ, ಅವಮಾನಿಸಲೆಂದೇ ಕೇಳಿದ ಪ್ರಶ್ನೆಗಳನ್ನು ತಡೆಯುವ ಅಧಿಕಾರ ನ್ಯಾಯಾಧೀಶರಿಗೆ ಅಲ್ಲಿದೆ. ಆಕ್ಷೇಪ ಎತ್ತಿದವರು "ಅದರ ಬಗ್ಗೆ ಈಗಲೇ ಆದೇಶ ಆಗಲಿ, ಉತ್ತರ ಆಮೇಲೆ" ಎಂದು ಒತ್ತಾಯಿಸಬೇಕು. ಉತ್ತರ ದಾಖಲಾದ ಮೇಲೆ ಆಕ್ಷೇಪ ಗೆದ್ದರೂ ಸೋತ ಹಾಗೆಯೇ, ಆಡಿದ ಮಾತು ಆಡಿ ಆಗಿರುತ್ತದೆ.

ಸಮ್ಮತಿಯ ಬಗ್ಗೆ ಇನ್ನೊಂದು. "ಕೂಗಿಕೊಂಡಿರಾ? ಪರಚಿದಿರಾ? ಮೈಮೇಲೆ ಗಾಯ ಏಕಿಲ್ಲ?" ಎಂದು ಕೇಳಿಯೇ ಕೇಳುತ್ತಾರೆ. ದೈಹಿಕವಾಗಿ ಪ್ರತಿರೋಧ ಒಡ್ಡಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಎಂದು ಭಾವಿಸುವಂತಿಲ್ಲ ಎಂದು ಬಿಎನ್‌ಎಸ್ 63ರಲ್ಲೇ ಬರೆದಿದೆ. ತಂಗಿಗೆ ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ ಗಾಬರಿಯಲ್ಲಿ "ಕೂಗಿದೆ" ಎಂದು ಇಲ್ಲದ್ದನ್ನು ಸೇರಿಸಿ, ಹಿಂದಿನ ಹೇಳಿಕೆಗೆ ವಿರೋಧ ತಂದುಕೊಳ್ಳುತ್ತಾರೆ. ಕೇಸು ಬೀಳುವುದು ಹೆಚ್ಚಾಗಿ ಹೀಗೆ ಸೇರಿಸಿದ ಮಾತಿನಿಂದ.

ಪ್ರಶ್ನೆ (ಇನ್ನೊಬ್ಬ ಸದಸ್ಯ): ಸಾಕ್ಷಿ ಹೇಳುವ ದಿನ ಒಳಗೆ ಯಾರ್ಯಾರು ಇರ್ತಾರೆ? ತಯಾರಿ ಹೇಗೆ?

ಉತ್ತರ (ವಕೀಲೆ): ಬಿಎನ್‌ಎಸ್‌ಎಸ್ 366(2) ಪ್ರಕಾರ ಅತ್ಯಾಚಾರ ಪ್ರಕರಣದ ವಿಚಾರಣೆ ಇನ್ ಕ್ಯಾಮೆರಾ ಆಗಲೇಬೇಕು, ಅಂದರೆ ಮುಚ್ಚಿದ ಬಾಗಿಲೊಳಗೆ. ಸಾಧ್ಯವಾದಷ್ಟು ಮಹಿಳಾ ನ್ಯಾಯಾಧೀಶರೇ ನಡೆಸಬೇಕು. ಒಳಗೆ ನ್ಯಾಯಾಧೀಶರು, ಸ್ಟೆನೋ, ಬೆಂಚ್ ಕ್ಲರ್ಕ್, ಪಿಪಿ, ಆರೋಪಿ, ಅವನ ವಕೀಲರು, ನಿಮ್ಮ ವಕೀಲರು. ಅಕ್ಕನೋ ಅಮ್ಮನೋ ಜೊತೆಗಿರಬೇಕೆಂದರೆ ಅದಕ್ಕೆ ಮೊದಲೇ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ. ಆದರೆ ಜೊತೆಗೆ ಬರುವವರ ಹೆಸರು ಸಾಕ್ಷಿಪಟ್ಟಿಯಲ್ಲಿ ಇರಬಾರದು, ಇದ್ದರೆ ಹೊರಗೆ ಕಳಿಸುತ್ತಾರೆ.

ಎಡವಟ್ಟಾಗುವುದು ಸಣ್ಣ ಸಂಗತಿಗಳಲ್ಲಿ. ಬಾಗಿಲು ಮುಚ್ಚಿದರೂ ತಮ್ಮ ಕೇಸಿಗೆ ಕಾಯುತ್ತಿರುವ ನಾಲ್ಕೈದು ವಕೀಲರು ಹಿಂದಿನ ಬೆಂಚಿನಲ್ಲಿ ಕೂತೇ ಇರುತ್ತಾರೆ, ಯಾರೂ ಅವರನ್ನು ಎಬ್ಬಿಸುವುದಿಲ್ಲ. ಕೋರ್ಟಿನ ಜವಾನ ಕಾರಿಡಾರಿನಲ್ಲಿ ನಿಂತು ಸಾಕ್ಷಿಯ ಹೆಸರನ್ನು ತಂದೆಯ ಹೆಸರಿನ ಸಮೇತ ಮೂರು ಸಲ ಕೂಗುತ್ತಾನೆ, ಅಷ್ಟರಲ್ಲಿ ಗೋಪ್ಯತೆ ಮುಗಿಯಿತು. ಹಿಂದಿನ ದಿನವೇ ಪಿಪಿ ಮೂಲಕ ಮೆಮೊ ಹಾಕಿಸಿ: ಹೆಸರು ಕೂಗಬಾರದು, ಕೇಸ್ ನಂಬರ್ ಮಾತ್ರ, ವಿಚಾರಣೆ ಊಟದ ನಂತರ, ಹಾಲ್ ಖಾಲಿ ಇರುವಾಗ, ಕಾಯಲು ಬೇರೆ ಕೋಣೆ.

ಆರೋಪಿಯ ಮುಖ ಕಾಣದ ಹಾಗೆ ಪರದೆ ಅಥವಾ ಬೇರೆ ವ್ಯವಸ್ಥೆ ಕೇಳಬಹುದು. ಸುಪ್ರೀಂ ಕೋರ್ಟ್ 2004ರಲ್ಲಿ, "ಸಾಕ್ಷಿ" ಎಂಬ ಸಂಸ್ಥೆ ಹಾಕಿದ್ದ ಪ್ರಕರಣದಲ್ಲಿ ಹೇಳಿದ್ದು ಇದನ್ನೇ: ಪರದೆ ಇರಲಿ, ಘಟನೆಗೆ ನೇರ ಸಂಬಂಧಿಸಿದ ಪಾಟೀಸವಾಲಿನ ಪ್ರಶ್ನೆಗಳನ್ನು ಬರೆದು ನ್ಯಾಯಾಧೀಶರಿಗೆ ಕೊಡಲಿ, ಅವರು ಮುಜುಗರವಾಗದ ಭಾಷೆಯಲ್ಲಿ ಕೇಳಲಿ, ನಡುನಡುವೆ ಬಿಡುವು ಕೊಡಲಿ. ದುರ್ಬಲ ಸಾಕ್ಷಿಗಳ ಹೇಳಿಕೆ ಕೇಂದ್ರ ಇರುವ ಜಿಲ್ಲೆಯಾದರೆ ಅಲ್ಲೇ ಸಾಕ್ಷ್ಯ ಪಡೆಯಲು ಕೇಳಿ. ಅವು ಮಕ್ಕಳಿಗಷ್ಟೇ ಅಲ್ಲ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಯಾವ ವಯಸ್ಸಿನವರಿಗೂ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವಿಸ್ತರಿಸಿದೆ.

ತಯಾರಿ ಎಂದರೆ ಉತ್ತರ ಬಾಯಿಪಾಠ ಮಾಡಿಸುವುದಲ್ಲ. ಠಾಣೆಗೆ ಕೊಟ್ಟ ದೂರು ಮತ್ತು ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯನ್ನು ಪಿಪಿ ಕಚೇರಿಯಲ್ಲಿ ಒಮ್ಮೆ ನಿಧಾನವಾಗಿ ಓದಲಿ. ನಮ್ಮ ಕೋರ್ಟುಗಳಲ್ಲಿ ಪಾಟೀಸವಾಲು ದಾಖಲಾಗುವುದು "...ಎಂದರೆ ಸರಿ", "...ಎಂದರೆ ಸರಿಯಲ್ಲ" ಎಂಬ ಧಾಟಿಯಲ್ಲಿ. ಒಂದೇ ಉಸಿರಿನಲ್ಲಿ ಎರಡು ಸಂಗತಿ ಸೇರಿಸಿ ಕೇಳುತ್ತಾರೆ: "ನೀವು ಆ ದಿನ ಅವರ ಮನೆಗೆ ನೀವಾಗಿಯೇ ಹೋಗಿ, ಖುಷಿಯಿಂದ ಇದ್ದಿರಿ ಎಂದರೆ ಸರಿಯೇ?" ಹೋಗಿದ್ದು ನಿಜ ಅಂತ "ಸರಿ" ಅಂದರೆ ಖುಷಿಯಿಂದ ಇದ್ದದ್ದೂ ಸರಿ ಎಂದೇ ಬರೆದುಕೊಳ್ಳುತ್ತಾರೆ. "ಹೋಗಿದ್ದು ನಿಜ, ಉಳಿದದ್ದು ಸುಳ್ಳು" ಎಂದು ಬಿಡಿಸಿ ಹೇಳುವ ಹಕ್ಕು ಆಕೆಗಿದೆ. ಗೊತ್ತಿಲ್ಲದ್ದಕ್ಕೆ "ನೆನಪಿಲ್ಲ" ಎಂದರೆ ತಪ್ಪೇನಿಲ್ಲ. ಹಳೆಯ ಹೇಳಿಕೆಯಲ್ಲಿ ಹೀಗಿದೆ ಎಂದು ಯಾರಾದರೂ ಹೇಳಿದರೆ ಆ ಭಾಗ ತೋರಿಸಲು ಕೇಳಲಿ. ಬಿಎಸ್‌ಎ 148ರಂತೆ ಅದನ್ನು ತೋರಿಸಿಯೇ ವಿರೋಧಾಭಾಸ ಸಾಬೀತು ಮಾಡಬೇಕು.

ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯಾಗಿ ಬರೆಯುತ್ತಾರೆ. ಹೀಗಾಗಿ ಅವಮಾನಕರ ಪ್ರಶ್ನೆ ಮಾಯವಾಗಿ ಆಕೆಯ ಉತ್ತರ ಮಾತ್ರ ಉಳಿಯುತ್ತದೆ, ಮೇಲ್ಮನವಿಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಅಂಥ ಭಾಗವನ್ನು ಪ್ರಶ್ನೆ-ಉತ್ತರ ರೂಪದಲ್ಲೇ ದಾಖಲಿಸಿ ಎಂದು ಕೇಳಬೇಕು. ಕೊನೆಗೆ ಹೇಳಿಕೆ ಓದಿ ಹೇಳುತ್ತಾರೆ. ಸುಸ್ತಾಗಿದೆ ಅಂತ ಸುಮ್ಮನೆ ಸಹಿ ಹಾಕಬಾರದು, ತಪ್ಪಿದ್ದರೆ ಅಲ್ಲೇ ತಿದ್ದಿಸಬೇಕು.

ಪ್ರಶ್ನೆ (ಸ್ಥಳೀಯ ಪತ್ರಿಕೆಯ ವರದಿಗಾರ): ಹೆಸರು ಹಾಕಲ್ಲ. ಊರು, ಕಾಲೇಜು, ಆರೋಪಿ ಹೆಸರು ಹಾಕಬಹುದಲ್ಲ ಸರ್?

ಉತ್ತರ (ನಿವೃತ್ತ ಸರ್ಕಾರಿ ಅಭಿಯೋಜಕ): ಬಿಎನ್‌ಎಸ್ 72 (ಹಳೆಯ ಐಪಿಸಿ 228ಎ) ಹೇಳುವುದು "ಗುರುತು ಸಿಗುವಂಥ ಯಾವುದೇ ವಿಷಯ". ಶಿಕ್ಷೆ 2 ವರ್ಷದವರೆಗೆ, ಜೊತೆಗೆ ದಂಡ. 2018ರ ಡಿಸೆಂಬರಿನ ಸುಪ್ರೀಂ ಕೋರ್ಟಿನ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ, ದೂರದಿಂದಲೂ ಗುರುತು ಹಚ್ಚಬಹುದಾದ ವಿವರ ಬೇಡ ಎಂದಿದ್ದಾರೆ. ಸಣ್ಣ ಊರಿನ ಹೆಸರು, ಕಾಲೇಜು ಮತ್ತು ತರಗತಿ ಸೇರಿದರೆ ಹೆಸರು ಹಾಕಿದ ಹಾಗೆಯೇ. ಆರೋಪಿಯ ಹೆಸರಿಗೆ ಈ ಕಲಂನಲ್ಲಿ ತಡೆಯಿಲ್ಲ, ಆದರೆ ಆರೋಪಿ ತಂದೆಯೋ ಮಾವನೋ ಆಗಿದ್ದರೆ ಅವನ ಹೆಸರೇ ಆಕೆಯ ಗುರುತು. ಮನೆಯ ಮುಂಭಾಗದ ಫೋಟೊ, ಮುಖ ಮಸುಕು ಮಾಡಿ ಅಮ್ಮನ ಧ್ವನಿ ಹಾಗೇ ಬಿಟ್ಟ ವಿಡಿಯೊ, ಇವೆಲ್ಲ ಅದೇ ಸಾಲಿಗೆ. ವಾಟ್ಸಾಪ್ ಗುಂಪಿಗೆ ಫಾರ್ವರ್ಡ್ ಮಾಡುವುದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಕೋರ್ಟಿನೊಳಗೆ ನಡೆದದ್ದನ್ನು ಅನುಮತಿಯಿಲ್ಲದೆ ಪ್ರಕಟಿಸುವುದು 73ನೇ ಕಲಂ ಪ್ರಕಾರ ಬೇರೆಯೇ ಅಪರಾಧ. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಟಣೆಗೆ ವಿನಾಯಿತಿ ಇದೆ. ಬಾಲಕಿಯಾದರೆ ಪೋಕ್ಸೊ 23ನೇ ಕಲಂ ಸೇರಿಕೊಳ್ಳುತ್ತದೆ, ಅಲ್ಲಿ ಕನಿಷ್ಠ ಶಿಕ್ಷೆಯೇ 6 ತಿಂಗಳು. "ಮನೆಯವರೇ ಒಪ್ಪಿದ್ದಾರೆ" ಎಂಬ ಸಬೂಬು ನಡೆಯುವುದಿಲ್ಲ. ವಯಸ್ಕ ಸಂತ್ರಸ್ತೆ ತಾನೇ ಲಿಖಿತವಾಗಿ ಒಪ್ಪಿಗೆ ಕೊಡಬಹುದು. ಆಕೆ ತೀರಿಕೊಂಡಿದ್ದರೆ ಹೆಸರು ಹೊರಗೆ ತರುವ ಅಗತ್ಯ ಇದೆಯೇ ಎಂದು ತೀರ್ಮಾನಿಸುವವರು ಸೆಷನ್ಸ್ ನ್ಯಾಯಾಧೀಶರು.

ಮೂಲ ಪ್ರಶ್ನೆ ಕೇಳಿದ ಸದಸ್ಯೆಗೆ ಒಂದು ಮಾತು: ಹೆಸರು ಸೋರುವುದು ಪತ್ರಿಕೆಯಿಂದ ಮಾತ್ರವಲ್ಲ, ಕಡತದಿಂದಲೂ. ಚಾರ್ಜ್‌ಶೀಟಿನಲ್ಲಿ "ಸಂತ್ರಸ್ತೆ" ಎಂದು ಬರೆದು, ಸ್ಥಳ ಮಹಜರಿನಲ್ಲಿ ಮನೆ ನಂಬರ್, ಅಮ್ಮನ ಹೆಸರು ಹಾಕಿರುತ್ತಾರೆ. ತೀರ್ಪಿನ ಒಳಗೆಲ್ಲ ಹೆಸರು ಮರೆಮಾಚಿ, ಕೊನೆಯ ಪುಟದ ಸಾಕ್ಷಿಪಟ್ಟಿಯಲ್ಲಿ ಪಿ.ಡಬ್ಲ್ಯು.1 (ಅಭಿಯೋಜನೆಯ ಮೊದಲ ಸಾಕ್ಷಿ) ಎದುರು ಪೂರ್ತಿ ಹೆಸರು! ತೀರ್ಪು ವೆಬ್‌ಸೈಟಿಗೆ ಏರಿದ ಮೇಲೆ ಅದನ್ನು ಇಳಿಸಲು ಮತ್ತೆ ಅರ್ಜಿ ಹಿಡಿದು ಓಡಾಡಬೇಕು. ಈಗಲೇ ಒಂದು ಅರ್ಜಿ ಹಾಕಿ: ಎಲ್ಲ ದಾಖಲೆಯಲ್ಲೂ "ಸಂತ್ರಸ್ತೆ" ಎಂದೇ ಇರಲಿ, ನಿಜ ಹೆಸರು ಮೊಹರು ಮಾಡಿದ ಲಕೋಟೆಯಲ್ಲಿರಲಿ, ಆರೋಪಿಯ ಜಾಮೀನು ಅರ್ಜಿಗೂ ಇದೇ ಅನ್ವಯಿಸಲಿ.

ಪ್ರಶ್ನೆ (ಸ್ಟಾಫ್ ನರ್ಸ್): ಹಳೆಯ ವೈದ್ಯಕೀಯ ವರದಿಯಲ್ಲಿ "ಸಂಭೋಗಕ್ಕೆ ಒಗ್ಗಿದವಳು" ಅಂತ ಬರೆದಿದ್ದರೆ?

ಉತ್ತರ (ವಿಧಿವಿಜ್ಞಾನ ವೈದ್ಯೆ): ಹಾಗೆ ಬರೆಯುವಂತೆಯೇ ಇಲ್ಲ. ಆ ಮಾತಿಗೆ ಆಧಾರ ಮಾಡಿಕೊಳ್ಳುತ್ತಿದ್ದ ಎರಡು ಬೆರಳಿನ ಪರೀಕ್ಷೆ (ಯೋನಿಯೊಳಗೆ ಬೆರಳು ಹಾಕಿ ನೋಡುವುದು) ಖಾಸಗಿತನದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತು. ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್ 31ರಂದು ಮತ್ತೆ ಸ್ಪಷ್ಟಪಡಿಸಿತು. ಕನ್ಯಾಪೊರೆ ಹರಿದಿದೆಯೋ ಇಲ್ಲವೋ ಎಂಬುದರಿಂದ ಸಮ್ಮತಿಯ ಬಗ್ಗೆ ಏನೂ ಗೊತ್ತಾಗದು. ಗಾಯ ಇಲ್ಲದಿರುವುದಕ್ಕೆ ಹೆದರಿಕೆ, ಮದ್ದು, ತಡವಾದ ತಪಾಸಣೆ ಹೀಗೆ ಹಲವು ಕಾರಣ, ಅದನ್ನು ವರದಿಯಲ್ಲೇ ಬರೆಯಬೇಕು. ಸ್ವಾಬ್ ಸಾಮಾನ್ಯವಾಗಿ 96 ಗಂಟೆಯೊಳಗೆ ತೆಗೆದರೆ ಉಪಯೋಗ. ಆ ಹಳೆಯ ಸಾಲು ಕೋರ್ಟಿಗೆ ಬರುವುದು ಸಂತ್ರಸ್ತೆಯ ಮೂಲಕವಲ್ಲ, ವೈದ್ಯರ ಪಾಟೀಸವಾಲಿನ ಮೂಲಕ. ಆದ್ದರಿಂದ ವೈದ್ಯರ ಸಾಕ್ಷ್ಯದ ದಿನವೂ ಪಿಪಿ ಆಕ್ಷೇಪಿಸಬೇಕು.

ಪ್ರಶ್ನೆ (ಅನಾಮಧೇಯ): ಘಟನೆಯ ವಿಡಿಯೊ ಇದೆ. ಅದರ ಕಾಪಿ ಆರೋಪಿಗೆ ಕೊಡ್ತಾರಾ?

ಉತ್ತರ (ವಕೀಲೆ): ಚಾರ್ಜ್‌ಶೀಟಿನ ದಾಖಲೆಗಳ ಪ್ರತಿ ಪಡೆಯುವ ಹಕ್ಕು ಆರೋಪಿಗಿದೆ, ನಿಜ. ಆದರೆ 2019ರ ನವೆಂಬರಿನಲ್ಲಿ ಕೇರಳದ ನಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೆಮೊರಿ ಕಾರ್ಡಿನ ಪ್ರತಿ ಕೊಡಲು ಒಪ್ಪಲಿಲ್ಲ. ಆರೋಪಿ, ಅವನ ವಕೀಲರು, ತಜ್ಞರು ಕೋರ್ಟಿನ ನಿಗಾದಲ್ಲಿ ನೋಡಬಹುದು, ಅಷ್ಟೇ. ನಿಮ್ಮ ಪ್ರಕರಣದಲ್ಲಿ ಪ್ರತಿ ಕೊಡುವ ಹಂತಕ್ಕೆ ಮುಂಚೆಯೇ ಈ ತೀರ್ಪು ತೋರಿಸಿ ಅರ್ಜಿ ಹಾಕಿ, ಕೊಟ್ಟ ಮೇಲೆ ವಾಪಸ್ ಪಡೆಯಲಾಗದು. ನಿಮ್ಮ ಸ್ವಂತ ಫೋನನ್ನು ಪೊಲೀಸರು ಕೇಳಿದರೆ, ಯಾವ ಚಾಟು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬೇಕು ಎಂದು ಬರಹದಲ್ಲಿ ಕೇಳಿ. ವಶಕ್ಕೆ ಕೊಟ್ಟರೆ ಮಹಜರಿನ ಪ್ರತಿ ಮತ್ತು ಹ್ಯಾಶ್ ಮೌಲ್ಯ (ಫೋನಿನ ಮಾಹಿತಿ ಆಮೇಲೆ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ನಮೂದಾಗಿದೆಯೇ ನೋಡಿಕೊಳ್ಳಿ. ಗಾಬರಿಯಲ್ಲಿ ಏನನ್ನೂ ಅಳಿಸಬೇಡಿ, ಅಳಿಸಿದ್ದೇ ಪಾಟೀಸವಾಲಿನ ಮೊದಲ ಪ್ರಶ್ನೆಯಾಗುತ್ತದೆ.

ಪ್ರಶ್ನೆ (ಮೊದಲ ಸದಸ್ಯೆ): ಜಡ್ಜೇ "ಅಷ್ಟು ಹೊತ್ತಲ್ಲಿ ಯಾಕೆ ಹೋದೆ" ಅಂದ್ರೆ?

ಉತ್ತರ (ನಿವೃತ್ತ ಅಭಿಯೋಜಕ): 2021ರ ಮಾರ್ಚ್ 18ರ ಸುಪ್ರೀಂ ಕೋರ್ಟಿನ ಅಪರ್ಣಾ ಭಟ್ ತೀರ್ಪು ನಿಮ್ಮ ವಕೀಲರ ಬ್ಯಾಗಿನಲ್ಲಿರಲಿ. ಉಡುಪು, ನಡವಳಿಕೆ, ಹಿಂದಿನ ಜೀವನದ ಬಗ್ಗೆ ನ್ಯಾಯಾಧೀಶರು ಟೀಕೆ ಮಾಡುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಬಾಯಲ್ಲಿ ಆಡಿದ ಮಾತಿಗೆ ವಕೀಲರು ಅಲ್ಲೇ ವಿನಯದಿಂದ ಆ ತೀರ್ಪನ್ನು ಗಮನಕ್ಕೆ ತರಲಿ. ಆದೇಶದಲ್ಲಿ ಬರೆದಿದ್ದರೆ ಆ ಸಾಲು ತೆಗೆಸಲು ಹೈಕೋರ್ಟಿಗೆ ಹೋಗಬಹುದು. 2020ರ ಜೂನ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಒಂದು ಜಾಮೀನು ಆದೇಶದಲ್ಲಿ, ಘಟನೆಯ ನಂತರ ಸುಸ್ತಾಗಿ ನಿದ್ದೆ ಹೋದೆ ಎಂದ ಮಹಿಳೆಯ ಬಗ್ಗೆ ಅದು ಭಾರತೀಯ ನಾರಿಗೆ ತಕ್ಕುದಲ್ಲ ಎಂಬರ್ಥದ ಸಾಲು ಬರೆದಿತ್ತು. ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ ಸಾಲನ್ನು ತೆಗೆಯಲಾಯಿತು, ಜಾಮೀನು ಹಾಗೇ ಉಳಿಯಿತು.